ಅಟ್ಟದ ಟ್ರಂಕಿನ ಜಿ.ಐ. ಜೋ: ನಡು ಮುರಿದಿಲ್ಲ, ರಿಂಗ್ ಹರಿದಿದೆ

ದಾವಣಗೆರೆಯ ಓದುಗರೊಬ್ಬರ ಪತ್ರ, ಸ್ವಲ್ಪ ಮೊಟಕುಗೊಳಿಸಿ:

"ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ನಾನೂ ಅಣ್ಣನೂ ತೊಂಬತ್ತರ ದಶಕದಲ್ಲಿ ಆಡುತ್ತಿದ್ದ ಆಟಿಕೆಗಳು ಸಿಕ್ಕವು. ಫನ್‌ಸ್ಕೂಲ್‌ನ ಜಿ.ಐ. ಜೋ ಸೈನಿಕ ಗೊಂಬೆಗಳು ಹನ್ನೊಂದು, ಲಿಯೋ ಕಂಪನಿಯ ಕಾರ್ಟೂನ್ ವೀರ ಹೀ-ಮ್ಯಾನ್ ಒಂದು. ಜೋಗಳಲ್ಲಿ ಆರು ನಡುವಿಗೆ ಎರಡು ತುಂಡಾಗಿವೆ. ಬಿಳಿ ಬಣ್ಣದ ಒಂದು ಪೂರ್ತಿ ಹಳದಿಯಾಗಿದೆ. ಹೀ-ಮ್ಯಾನ್ ಕಾಲು ಜೋತಾಡುತ್ತಿದೆ, ಮೈ ಅಂಟಂಟು, ಕತ್ತಿ ಇಲ್ಲ. ಫೆವಿಕ್ವಿಕ್ ಹಾಕಿ ಸರಿಮಾಡಬಹುದೇ? ಸ್ನೇಹಿತರೊಬ್ಬರು 'ಇಂಡಿಯಾದವು ಡೂಪ್ಲಿಕೇಟ್, ಬೆಲೆ ಇಲ್ಲ' ಅನ್ನುತ್ತಾರೆ. ಇನ್ನೊಬ್ಬರು 'ಲಕ್ಷಗಟ್ಟಲೆ ಬರುತ್ತೆ, ಮಾರು' ಅನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ಅಣ್ಣ ಇವನ್ನು ಬಿಟ್ಟು ಹಳೇ ಸ್ಟಾರ್ ವಾರ್ಸ್ ಸಿನಿಮಾದ ಫಿಗರ್‌ಗಳನ್ನು (ಪುಟ್ಟ ಪಾತ್ರಗೊಂಬೆಗಳನ್ನು) ಕೊಳ್ಳೋಣ, ಅವೇ ನಿಜವಾದ ಕ್ಲಾಸಿಕ್ ಅನ್ನುತ್ತಿದ್ದಾನೆ. ನನ್ನ ಐದು ವರ್ಷದ ಮಗಳು ಇವನ್ನು ಆಡಲು ಕೇಳುತ್ತಿದ್ದಾಳೆ. ಏನು ಮಾಡಲಿ?"

ಮೊದಲು ಫೆವಿಕ್ವಿಕ್ ಟ್ಯೂಬನ್ನು ಡ್ರಾಯರಿಗೆ ಹಾಕಿಬಿಡಿ. ನಿಮ್ಮ ಆರು ಜೋಗಳು ಬಹುಮಟ್ಟಿಗೆ ಮುರಿದಿಲ್ಲ. ಒಳಗಿನ ರಬ್ಬರ್ ರಿಂಗ್ ಒಣಗಿ ಹರಿದಿದೆ, ಅಷ್ಟೆ. ಒಂದೊಂದಕ್ಕೆ ಹತ್ತು ನಿಮಿಷದ ಕೆಲಸ. ಇನ್ನು ಸ್ನೇಹಿತರಿಬ್ಬರ ಮಾತೂ ತಪ್ಪು. ಡೂಪ್ಲಿಕೇಟೂ ಅಲ್ಲ, ಲಕ್ಷಗಳೂ ಬರುವುದಿಲ್ಲ.

ಫನ್‌ಸ್ಕೂಲ್ ಶುರುವಾದದ್ದು ಎಂಆರ್‌ಎಫ್ ಮತ್ತು ಅಮೆರಿಕದ ಹ್ಯಾಸ್ಬ್ರೋ ಕಂಪನಿಗಳ ಪಾಲುದಾರಿಕೆಯಲ್ಲಿ, ಕಾರ್ಖಾನೆ ಗೋವಾದಲ್ಲಿ. ಹ್ಯಾಸ್ಬ್ರೋ ತನ್ನ ಅಚ್ಚುಗಳನ್ನೇ ಇಲ್ಲಿಗೆ ಕಳಿಸಿತ್ತು. ಅಂದರೆ ನಿಮ್ಮ ಕೈಯಲ್ಲಿರುವ ಮುಖ, ಕೈ, ಬೂಟು ಎಲ್ಲ ಅಮೆರಿಕದ ಫಿಗರ್ ಹುಟ್ಟಿದ ಅಚ್ಚಿನಿಂದಲೇ ಬಂದವು. ವ್ಯತ್ಯಾಸ ಇರುವುದು ಪ್ಲಾಸ್ಟಿಕ್‌ನ ಬಣ್ಣದಲ್ಲಿ ಮತ್ತು ಪೇಂಟಿನಲ್ಲಿ. ಒಂದೇ ಪಾತ್ರ ಒಂದು ಬ್ಯಾಚ್‌ನಲ್ಲಿ ಕಡುಹಸಿರು, ಮುಂದಿನದರಲ್ಲಿ ತಿಳಿಹಸಿರು ಆಗಿರುವುದುಂಟು. ಈ ಏರುಪೇರನ್ನೇ ಹುಡುಕಿಕೊಂಡು ಕೊಳ್ಳುವ ಸಂಗ್ರಹಕಾರರು ವಿದೇಶದಲ್ಲಿದ್ದಾರೆ. ಲಿಯೋ ಕೂಡ ಹಾಗೆಯೇ ಅಮೆರಿಕದ ಮ್ಯಾಟೆಲ್‌ನಿಂದ ಪರವಾನಗಿ ಪಡೆದು ಹೀ-ಮ್ಯಾನ್ ತಯಾರಿಸಿದ ಕಂಪನಿ.

ಜೋಗಳಲ್ಲಿ ನಿಜವಾದ ಡೂಪ್ಲಿಕೇಟ್ ಗುರುತಿಸುವುದು ಸುಲಭ. ಅಂಥದ್ದು ಹಗುರ, ಒಳಗೆ ಟೊಳ್ಳು, ಬೆನ್ನಿನಲ್ಲಿ ಸ್ಕ್ರೂ ಇರುವುದಿಲ್ಲ, ಎರಡು ಹೋಳುಗಳ ಅಂಟು ಗೆರೆ ಎದ್ದು ಕಾಣುತ್ತದೆ, ಕಂಪನಿಯ ಮುದ್ರೆ ಇರುವುದಿಲ್ಲ. ಇಲ್ಲೊಂದು ಎಚ್ಚರ ಬೇಕು: ಮೈಮೇಲೆ ಅಚ್ಚಾಗಿರುವ ಇಸವಿ ತಯಾರಾದ ವರ್ಷವಲ್ಲ, ವಿನ್ಯಾಸದ ಹಕ್ಕು ನೋಂದಾಯಿಸಿದ ವರ್ಷ. ಬೆನ್ನಿನಲ್ಲಿ 1985 ಎಂದಿರುವ ಜೋ ತೊಂಬತ್ತರ ದಶಕದಲ್ಲಿ ಗೋವಾದಲ್ಲಿ ತಯಾರಾಗಿರಬಹುದು. ಹೀ-ಮ್ಯಾನ್ ಬೆನ್ನಿನಲ್ಲಿ 1981 ಎಂದಿರುತ್ತದೆ. ಅಂಗಡಿಗೆ ಬಂದದ್ದೇ 1982ರಲ್ಲಿ. 'ಎಂಬತ್ತೊಂದರ ಪೀಸ್' ಎಂದು ಜಾಹೀರಾತು ಹಾಕುವವರಿಗೆ ಇದು ಗೊತ್ತಿಲ್ಲ, ಇಲ್ಲವೇ ಚೆನ್ನಾಗಿ ಗೊತ್ತಿದೆ.

ಹಾಗಾದರೆ ಫನ್‌ಸ್ಕೂಲ್ ಜೋಗಳಿಗೆ ಬೆಲೆ ಕಡಿಮೆ ಏಕೆ? ಅಮೆರಿಕದಲ್ಲಿ ಈ ಸಾಲು 1994ಕ್ಕೆ ನಿಂತಿತು, ಇಲ್ಲಿ ಮುಂದುವರಿಯಿತು. ಅಲ್ಲಿನ ವ್ಯಾಪಾರಿಗಳು ಕಾರ್ಡ್ (ಫಿಗರ್ ಅಂಟಿಸಿ ಮಾರುವ ರಟ್ಟು) ಬಿಚ್ಚದ ಫನ್‌ಸ್ಕೂಲ್ ಮಾಲನ್ನು ಇಲ್ಲಿಂದಲೇ ತರಿಸಿಕೊಂಡು ಮಾರಿದರು. ಮಾಲು ಹೇರಳವಾಗಿರುವಾಗ ಆಡಿ ಸವೆದ ಪೀಸಿಗೆ ದೊಡ್ಡ ಬೆಲೆ ಹುಟ್ಟುವುದಿಲ್ಲ. ಲಿಯೋ ಹೀ-ಮ್ಯಾನ್ ಅಷ್ಟು ಹೊರಗೆ ಹೋಗಲಿಲ್ಲ, ಹಾಗಾಗಿ ನಿಮ್ಮ ಟ್ರಂಕಿನಲ್ಲಿ ಹೆಚ್ಚು ಬಾಳುವುದು ಆ ಒಂಟಿ ಹೀ-ಮ್ಯಾನೇ. ಕತ್ತಿ ಇದ್ದಿದ್ದರೆ ಇನ್ನೂ ಹೆಚ್ಚು.

ಮೂರು ಕಂಪನಿ, ಮೂರು ಮೈಕಟ್ಟು

ಅಣ್ಣನ ಪ್ರಶ್ನೆಗೆ ಉತ್ತರಿಸಬೇಕಾದರೆ ಈ ಮೂರು ಸಾಲುಗಳನ್ನು ಒಳಗಿನಿಂದ ನೋಡಬೇಕು. ಆಗಿನ ಮಕ್ಕಳನ್ನು ಸೆಳೆದದ್ದು ಯಾವುದು, ಈಗ ಕೆಡುವುದು ಯಾವುದು ಎಂಬ ಎರಡಕ್ಕೂ ಉತ್ತರ ಅಲ್ಲೇ ಇದೆ.

ಕೆನ್ನರ್ ಕಂಪನಿಯ ಸ್ಟಾರ್ ವಾರ್ಸ್ ಮೊದಲು ಬಂದದ್ದು. ಸಿನಿಮಾ 1977ರ ಬೇಸಿಗೆಯಲ್ಲಿ ಗೆದ್ದಾಗ ಆಟಿಕೆ ಸಿದ್ಧವೇ ಇರಲಿಲ್ಲ. ಆ ಕ್ರಿಸ್‌ಮಸ್‌ಗೆ ಕಂಪನಿ ಮಾರಿದ್ದು ಒಂದು ರಟ್ಟಿನ ಪ್ಯಾಕೆಟ್ ಮತ್ತು ಮುಂದೆ ಫಿಗರ್ ಕಳಿಸುತ್ತೇವೆ ಎಂಬ ಚೀಟಿ. ಮೊದಲ ಹನ್ನೆರಡು ಪಾತ್ರಗಳು ಬಂದದ್ದು 1978ರಲ್ಲಿ. ಎತ್ತರ ಮೂರೂಮುಕ್ಕಾಲು ಇಂಚು, ತಿರುಗುವ ಕೀಲು ಐದೇ: ಕತ್ತು, ಎರಡು ತೋಳು, ಎರಡು ತೊಡೆ. ಮೊಣಕೈ ಇಲ್ಲ, ಮೊಣಕಾಲಿಲ್ಲ. ಎತ್ತರ ಕಡಿಮೆ ಮಾಡಿದ್ದರಿಂದ ಅದೇ ಅಳತೆಗೆ ವಿಮಾನ, ಗಾಡಿಗಳನ್ನೂ ಮಾರಲು ಸಾಧ್ಯವಾಯಿತು. ನಿಜವಾದ ಜಾಣತನ ಇದ್ದದ್ದು ಅಲ್ಲಿ. ಮುಂಡವನ್ನು ಶಾಶ್ವತವಾಗಿ ಮುಚ್ಚಿದ್ದರಿಂದ ಒಳಗೆ ಹರಿಯುವಂಥದ್ದು ಏನೂ ಇಲ್ಲ. ಕೀಲು ಸಡಿಲಾಗುತ್ತದೆ, ಬಿಳಿ ಪಾತ್ರಗಳು ಹಳದಿಯಾಗುತ್ತವೆ, ಪುಟಾಣಿ ಬಂದೂಕು ಕಳೆದುಹೋಗುತ್ತದೆ. ಅಷ್ಟೇ ರೋಗ.

1982ರಲ್ಲಿ ಹ್ಯಾಸ್ಬ್ರೋ ಅದೇ ಎತ್ತರಕ್ಕೆ ಜಿ.ಐ. ಜೋವನ್ನು ಮರಳಿ ತಂದಿತು. ಅರವತ್ತರ ದಶಕದ ಮೂಲ ಜೋ ಹನ್ನೆರಡು ಇಂಚಿನದು. ಹೊಸದರಲ್ಲಿ ಮೊಣಕೈ, ಮೊಣಕಾಲು, ನಡು ಎಲ್ಲ ಬಾಗುತ್ತಿದ್ದವು. 1983ರಿಂದ ಮೇಲ್ತೋಳೂ ತಿರುಗತೊಡಗಿತು, ಎರಡೂ ಕೈಯಲ್ಲಿ ಬಂದೂಕು ಹಿಡಿಸಬಹುದಾಯಿತು. 1985ರಿಂದ ತಲೆ ಗುಂಡುಕೀಲಿನ ಮೇಲೆ ಕೂತು ಮೇಲೆ ಕೆಳಗೂ ನೋಡಿತು. ಇಷ್ಟನ್ನೂ ಹಿಡಿದಿಟ್ಟದ್ದು ಹೊಟ್ಟೆಯೊಳಗಿನ ಒಂದು ಕಪ್ಪು ಓ-ರಿಂಗ್, ಅಂದರೆ ರಬ್ಬರ್ ಉಂಗುರ. ಆ ಕಾಲದ ಅತ್ಯುತ್ತಮ ವಿನ್ಯಾಸ ಇದೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಸವೆಯುವ ಭಾಗ ಅಗ್ಗದ್ದು, ಬಿಚ್ಚಿ ಬದಲಿಸುವಂಥದ್ದು.

ಹೀ-ಮ್ಯಾನ್ ಅದೇ ವರ್ಷದ್ದಾದರೂ ಬೇರೆಯೇ ಜಾತಿ. ಐದೂವರೆ ಇಂಚು, ಕುಸ್ತಿಪಟುವಿನ ಮೈ, ಸದಾ ಬಾಗಿದ ಮೊಣಕಾಲು. ನಡುವನ್ನು ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗ್‌ನಿಂದ ಮೈ ಗಿರಕ್ಕನೆ ತಿರುಗಿ ಗುದ್ದುತ್ತದೆ. ಮ್ಯಾಟೆಲ್ ಒಂದೇ ಅಚ್ಚಿನ ಮುಂಡ, ತೋಳು, ತೊಡೆಗಳಿಗೆ ಬಣ್ಣ ಬದಲಿಸಿ, ತಲೆ ಬದಲಿಸಿ ಹತ್ತಾರು ಪಾತ್ರ ಮಾಡಿತು. ಪ್ಲಾಸ್ಟಿಕ್ ಮಾತ್ರ ಮೂರು ಬಗೆ: ಮುಂಡ ಗಟ್ಟಿ, ತಲೆ ಮೆತ್ತನೆ, ಕಾಲು ರಬ್ಬರಿನಂತೆ ಬಳುಕುವಂಥದ್ದು. ಮೂರೂ ಬೇರೆ ಬೇರೆ ವೇಗದಲ್ಲಿ ಮುಪ್ಪಾಗುತ್ತವೆ.

ಇನ್ನು ಸೆಳೆತದ ವಿಷಯ. ಸ್ಟಾರ್ ವಾರ್ಸ್ ಫಿಗರ್ ಒಂದು ನೆನಪಿನ ಗುರುತು. ಸಿನಿಮಾ ನೋಡಿದವನಿಗೆ ಆ ಬಾಗದ ಕೈಕಾಲಿನ ಗೊಂಬೆ ಸಾಕು, ಉಳಿದದ್ದನ್ನು ತಲೆ ತುಂಬಿಕೊಳ್ಳುತ್ತದೆ. ಆ ಕಾಲದಲ್ಲಿ ಸಿನಿಮಾವನ್ನು ಮನೆಯಲ್ಲಿ ಮತ್ತೆ ನೋಡುವ ಸೌಕರ್ಯ ಹೆಚ್ಚಿನವರಿಗೆ ಇರಲಿಲ್ಲ. ಕಥೆಯನ್ನು ಮನೆಗೆ ತರುವ ದಾರಿ ಆಟಿಕೆಯೇ ಆಗಿತ್ತು. ಹೀ-ಮ್ಯಾನ್ ಬದುಕಿದ್ದು ಟಿವಿಯಿಂದ: 1983ರಲ್ಲಿ ಕಾರ್ಟೂನ್ ಬಂತು, ನಮ್ಮಲ್ಲಿ ದೂರದರ್ಶನದಲ್ಲೂ ಬಂತು. ಕತ್ತಿ ಮೇಲೆತ್ತಿ ಕೂಗುವುದಕ್ಕೆ ಇಂಗ್ಲಿಷ್ ಬರಬೇಕಿರಲಿಲ್ಲ.

ಜಿ.ಐ. ಜೋ ಮಾತ್ರ ಕಥೆಯನ್ನು ಪ್ಯಾಕೆಟ್ಟಿನ ಬೆನ್ನಿಗೇ ಅಂಟಿಸಿತ್ತು. ಪ್ರತಿ ಕಾರ್ಡಿನ ಹಿಂದೆ ಕತ್ತರಿಸಿ ಇಟ್ಟುಕೊಳ್ಳುವ ಫೈಲ್ ಕಾರ್ಡ್: ಪಾತ್ರದ ಹೆಸರು, ಹುಟ್ಟೂರು, ತರಬೇತಿ, ಸ್ವಭಾವ. ಬಹುಪಾಲು ಬರೆದವರು ಮಾರ್ವೆಲ್ ಕಾಮಿಕ್ಸಿನ ಲೇಖಕ ಲ್ಯಾರಿ ಹಾಮಾ. ಟಿವಿಯ ಆಟಿಕೆ ಜಾಹೀರಾತಿನಲ್ಲಿ ಅನಿಮೇಶನ್ ಎಷ್ಟು ತೋರಿಸಬಹುದು ಎಂಬುದಕ್ಕೆ ಅಮೆರಿಕದಲ್ಲಿ ಮಿತಿ ಇತ್ತು. ಹ್ಯಾಸ್ಬ್ರೋ ಆಟಿಕೆಯ ಬದಲು ಕಾಮಿಕ್ ಪುಸ್ತಕಕ್ಕೆ ಅನಿಮೇಶನ್ ಜಾಹೀರಾತು ಕೊಟ್ಟು ಆ ಮಿತಿಯ ಪಕ್ಕದಲ್ಲೇ ನುಸುಳಿತು. ತಂತ್ರ ಏನೇ ಇರಲಿ, ಫೈಲ್ ಕಾರ್ಡ್ ಓದಿದ ಹುಡುಗನಿಗೆ ತನ್ನ ಜೋ ಒಬ್ಬ ವ್ಯಕ್ತಿಯಾಗುತ್ತಿದ್ದ. ಟ್ರಂಕಿನ ತಳದಲ್ಲಿ, ಹಳೇ ಪುಸ್ತಕಗಳ ನಡುವೆ ಅಂಥ ಕಾರ್ಡುಗಳಿವೆಯೇ ಹುಡುಕಿ. ಹಣದ ಲೆಕ್ಕದಲ್ಲೂ ಅದು ಫಿಗರ್‌ಗೆ ತೂಕ ಕೊಡುತ್ತದೆ.

ನಿಮ್ಮ ಅಣ್ಣ ಹೇಳುವ ಕ್ಲಾಸಿಕ್ ಸುಳ್ಳಲ್ಲ. ಆದರೆ ಕೆನ್ನರ್ ಫಿಗರ್‌ಗಳು ಆ ಕಾಲದಲ್ಲಿ ನಮ್ಮ ಊರುಗಳಿಗೆ ಬಂದದ್ದು ಹೆಚ್ಚೆಂದರೆ ವಿದೇಶದಿಂದ ಬಂದ ನೆಂಟರ ಸೂಟ್‌ಕೇಸಿನಲ್ಲಿ. ಅವನು ಕೊಳ್ಳಹೊರಟಿರುವುದು ಅಲ್ಲಿನ ಸಹೋದ್ಯೋಗಿಗಳ ಬಾಲ್ಯವನ್ನು. ಅದರಲ್ಲಿ ತಪ್ಪೇನಿಲ್ಲ, ಆದರೆ ದುಬಾರಿ ಹವ್ಯಾಸ. ಅದಕ್ಕಾಗಿ ಮನೆಯದನ್ನು ಕೈಬಿಡುವ ಅಗತ್ಯವಂತೂ ಇಲ್ಲ.

ಜೋ ರಿಪೇರಿ, ಹಂತ ಹಂತವಾಗಿ

ಬೇಕಾದದ್ದು: ಸಣ್ಣ ಪ್ಲಸ್ ಸ್ಕ್ರೂಡ್ರೈವರ್ (ವಾಚ್ ರಿಪೇರಿ ಸೆಟ್ಟಿನದು ತೀರಾ ಚಿಕ್ಕದಾದರೆ ಸ್ಕ್ರೂ ತಲೆಯನ್ನು ಕೆರೆದು ಹಾಕುತ್ತದೆ, ಸರಿಯಾಗಿ ಕೂರುವುದನ್ನೇ ಆರಿಸಿ), ಒಂದು ಬಟ್ಟಲು, ಆರು ಹೊಸ ಓ-ರಿಂಗ್. ಜಿ.ಐ. ಜೋಗೆಂದೇ ಮಾರುವ ರಿಂಗ್‌ಗಳು ಆನ್‌ಲೈನ್‌ನಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ ಸಿಗುತ್ತವೆ. ಹಾರ್ಡ್‌ವೇರ್ ಅಂಗಡಿಯಿಂದ ತರುವುದಾದರೆ ಗಟ್ಟಿ ಇರುವ ಐದರಲ್ಲಿ ಒಂದನ್ನು ಬಿಚ್ಚಿ, ರಿಂಗ್ ತೆಗೆದುಕೊಂಡು ಹೋಗಿ ಹೋಲಿಸಿ. ಅಗಲದಷ್ಟೇ ದಪ್ಪವೂ ಮುಖ್ಯ. ದಪ್ಪ ಹೆಚ್ಚಾದರೆ ಎಳೆತ ಹೆಚ್ಚಾಗಿ ಕೂರಿಸುವಾಗ ತೊಡೆಸಂದಿನ ಪ್ಲಾಸ್ಟಿಕ್ ಮುರಿಯುತ್ತದೆ. ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಬೇಡವೇ ಬೇಡ. ಕೆಲವೇ ತಿಂಗಳಲ್ಲಿ ಅಂಟಾಗಿ ಹರಿಯುತ್ತದೆ.

ಬೆನ್ನಿನ ನಡುವೆ ಒಂದೇ ಸ್ಕ್ರೂ ಇರುತ್ತದೆ. ತುಕ್ಕು ಹಿಡಿದಿದ್ದರೆ ಗುಂಡುಸೂಜಿಯ ತುದಿಯಿಂದ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟು ಮರುದಿನ ಪ್ರಯತ್ನಿಸಿ. ಡ್ರೈವರನ್ನು ಒತ್ತುವ ಬಲ ತಿರುಗಿಸುವ ಬಲಕ್ಕಿಂತ ಹೆಚ್ಚಿರಲಿ. ಬಿಚ್ಚಿದಾಗ ಎದೆ, ಬೆನ್ನು, ಎರಡು ತೋಳು, ತಲೆ, ನಡುವಿನ ತುಂಡು, ಎರಡು ಕಾಲು ಮತ್ತು ಒಂದು ಲೋಹದ ಕೊಕ್ಕೆ ಸಿಗುತ್ತವೆ. ಆ ಕೊಕ್ಕೆಯ ಅಡ್ಡಪಟ್ಟಿ ಎರಡು ಕಾಲುಗಳ ನಡುವೆ ಕೂರುತ್ತದೆ. ಟ್ರಂಕಿನ ಮೂಲೆಗಳನ್ನು ತಡಕಾಡಿ; ನಡುವಿಗೆ ಬಿಟ್ಟುಹೋದ ಜೋಗಳ ಕೊಕ್ಕೆ ಉದುರಿ ಕಳೆದುಹೋಗುವುದೇ ಹೆಚ್ಚು.

ಒಂದು ಸಲಕ್ಕೆ ಒಂದೇ ಫಿಗರ್ ಬಿಚ್ಚಿ. ಆರನ್ನೂ ಒಟ್ಟಿಗೆ ಬಿಚ್ಚಿದರೆ ಯಾರ ತೋಳು ಯಾರದೆಂದು ಸಂಜೆಗೆ ಗೊತ್ತಾಗುವುದಿಲ್ಲ. ಕಾಲುಗಳನ್ನು ಅಡ್ಡಪಟ್ಟಿಗೆ ಕೂರಿಸಿ, ಕೊಕ್ಕೆಗೆ ರಿಂಗ್ ಸಿಕ್ಕಿಸಿ, ರಿಂಗನ್ನು ನಡುವಿನ ತುಂಡಿನ ತೂತಿನಿಂದ ಮೇಲಕ್ಕೆ ಎಳೆದು, ಬೆನ್ನಿನ ಹೋಳಿನೊಳಗಿನ ಗೂಟಕ್ಕೆ ಹಾಕಿ. ಆಮೇಲೆ ತೋಳು, ತಲೆ ಇಟ್ಟು ಎದೆಯ ಹೋಳು ಮುಚ್ಚಿ. ಈಗ ಬಹಳ ಜನ ಕೆಡಿಸುವ ಜಾಗ: ಸ್ಕ್ರೂವನ್ನು ನೇರ ಬಿಗಿಯಬೇಡಿ. ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ ನಿಧಾನ ತಿರುಗಿಸಿ. ಒಂದು ಕಡೆ ಸ್ಕ್ರೂ 'ಟಕ್' ಎಂದು ಒಂದಿಷ್ಟು ಕೆಳಗಿಳಿಯುತ್ತದೆ. ಹಳೇ ಮರೆಗೆ (ಸ್ಕ್ರೂ ಕೊರೆದ ಸುರುಳಿ ಗೆರೆಗೆ) ಕೂತಿತು ಎಂದರ್ಥ. ಅಲ್ಲಿಂದ ಬಲಕ್ಕೆ ಬಿಗಿಯಿರಿ, ಎರಡು ಹೋಳುಗಳ ನಡುವಿನ ಸಂದು ಮುಚ್ಚಿದ ಕೂಡಲೇ ನಿಲ್ಲಿಸಿ. ಇದನ್ನು ಮಾಡದೆ ಬಿಗಿದರೆ ಪ್ಲಾಸ್ಟಿಕ್‌ನಲ್ಲಿ ಹೊಸ ಮರೆ ಕೊರೆದು ಗೂಟ ಸೀಳುತ್ತದೆ.

ರಿಂಗ್ ಬದಲಿಸಿದರೆ ಬೆಲೆ ಕುಸಿಯುತ್ತದೆ ಎಂಬ ಮಾತು ಆಡಿದ ಫಿಗರ್‌ಗಳ ಮಟ್ಟಿಗೆ ಸುಳ್ಳು. ಬೆಲೆ ಕುಸಿಯುವುದು ಹೆಬ್ಬೆರಳು ಹೋದರೆ, ಮೊಣಕೈ ಸೀಳಿದ್ದರೆ, ತೊಡೆಸಂದು ಮುರಿದಿದ್ದರೆ. ಹೆಬ್ಬೆರಳು ಮುರಿಯುವುದು ದಪ್ಪ ಹಿಡಿಯ ಬಂದೂಕನ್ನು ತುರುಕುವಾಗ. ಫಿಗರ್‌ನ ಕೈಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಪ್ಲಾಸ್ಟಿಕ್ ಮೆತ್ತಗಾಗಿ ಹಿಡಿದುಕೊಳ್ಳುತ್ತದೆ. ತೊಡೆಸಂದು ಮುರಿದಿದ್ದರೆ ಯಾವ ಅಂಟೂ ಆ ಎಳೆತ ತಡೆಯುವುದಿಲ್ಲ. ಅದೇ ಪಾತ್ರದ ಮುರುಕಲು ಫಿಗರ್ ಹುಡುಕಿ ನಡುವಿನ ತುಂಡು ಬದಲಿಸುವುದೊಂದೇ ದಾರಿ. ಫೆವಿಕ್ವಿಕ್ ಜಾತಿಯ ಅಂಟು ಒಣಗುವಾಗ ಹೊರಬಿಡುವ ಆವಿ ಸುತ್ತಲಿನ ಬಣ್ಣದ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ; ಎಲ್ಲಕ್ಕಿಂತ ಮುಖ್ಯವಾಗಿ, ಅದು ತಿರುಗಬೇಕಾದ ಕೀಲನ್ನೇ ಹಿಡಿದುಬಿಡುತ್ತದೆ.

ಹೀ-ಮ್ಯಾನ್‌ನ ಜೋತಾಡುವ ಕಾಲಿಗೂ ಕಾರಣ ರಬ್ಬರೇ. ಎರಡು ಕಾಲುಗಳ ತುದಿಯ ಕೊಕ್ಕೆಗಳನ್ನು ಸೊಂಟದೊಳಗೆ ಒಂದು ಎಲಾಸ್ಟಿಕ್ ಎಳೆದು ಹಿಡಿದಿರುತ್ತದೆ. ಇಲ್ಲಿ ಮುಂಡ ಬಿಚ್ಚುವಂತಿಲ್ಲ, ಬಿಚ್ಚಲೂ ಬೇಡಿ. ಸ್ಪ್ರಿಂಗ್ ಹಾರಿದರೆ ಮರಳಿ ಕೂರಿಸುವುದು ತಲೆನೋವು. ಹೊಸ ಎಲಾಸ್ಟಿಕ್ ಬಳೆಯನ್ನು ಒಂದು ಕಾಲಿನ ಕೊಕ್ಕೆಗೆ ಹಾಕಿ, ಕ್ರೋಶಾ ಕಡ್ಡಿಯಿಂದ ಸೊಂಟದ ತೂತಿನ ಮೂಲಕ ಆಚೆ ಎಳೆದು ಇನ್ನೊಂದು ಕಾಲಿಗೆ ಸಿಕ್ಕಿಸಬಹುದು. ಕೈ ಪಳಗಿಲ್ಲದಿದ್ದರೆ ಈ ಒಂದನ್ನು ಹಾಗೇ ಬಿಡುವುದು ಮೇಲು.

ಅಂಟು, ಹಳದಿ ಮತ್ತು ನುಸಿಗುಳಿಗೆ

ಮೈ ಅಂಟಂಟಾಗುವುದು ಕೊಳೆಯಿಂದಲ್ಲ. ಮೆತ್ತನೆಯ ಪಿವಿಸಿಯನ್ನು ಮೆತ್ತಗಿಡಲು ಸೇರಿಸಿದ ರಾಸಾಯನಿಕ ವರ್ಷಗಳು ಕಳೆದಂತೆ, ಬಿಸಿಗೆ ಇನ್ನೂ ಬೇಗ, ಹೊರಗೆ ಜಿನುಗುತ್ತದೆ. ಹೆಂಚಿನ ಅಥವಾ ಶೀಟಿನ ಕೆಳಗಿನ ಅಟ್ಟ, ಅದರಲ್ಲೂ ದಾವಣಗೆರೆಯ ಬೇಸಿಗೆ, ಇದಕ್ಕೆ ಹೇಳಿ ಮಾಡಿಸಿದ ಜಾಗ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಹನಿ ಹಾಕಿ, ಮೆತ್ತನೆಯ ಟೂತ್‌ಬ್ರಶ್‌ನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ. ಕೆಲವು ತಿಂಗಳ ಮೇಲೆ ಮತ್ತೆ ಜಿನುಗಬಹುದು, ಮತ್ತೆ ತೊಳೆಯಿರಿ. ಜೋಗಳನ್ನು ತೊಳೆಯುವುದಾದರೆ ಬಿಚ್ಚಿದಾಗಲೇ ತೊಳೆಯಿರಿ. ಹಾಗೇ ಮುಳುಗಿಸಿದರೆ ಒಳಗೆ ನೀರು ನಿಂತು ಸ್ಕ್ರೂ, ಕೊಕ್ಕೆ ತುಕ್ಕು ಹಿಡಿಯುತ್ತವೆ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಮುಟ್ಟಿಸಬೇಡಿ. ಬಣ್ಣದ ಜೊತೆ ಗಟ್ಟಿ ಪ್ಲಾಸ್ಟಿಕ್ಕೂ ಕರಗುತ್ತದೆ. ಟ್ರಂಕಿನಲ್ಲಿ ನುಸಿಗುಳಿಗೆ ಇದ್ದರೆ ಇವತ್ತೇ ತೆಗೆಯಿರಿ: ನ್ಯಾಫ್ತಲಿನ್ ಆವಿ ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡಿ ಮೇಲ್ಮೈ ಕೆಡಿಸುತ್ತದೆ. ಹೀ-ಮ್ಯಾನ್‌ನ ಎದೆಕವಚವನ್ನು ಅಂಟಿನ ಭಾಗಗಳಿಗೆ ತಾಗದಂತೆ ಬೇರೆ ಇಡಿ, ಇಲ್ಲದಿದ್ದರೆ ಅದರ ಮೇಲೂ ಗುರುತು ಬೀಳುತ್ತದೆ. ಇಡುವುದಕ್ಕೆ ಪಾಲಿಥೀನ್ ಜಿಪ್ ಕವರ್ ಸಾಕು. ಸೀರೆ ಇಡುವ ಪಾರದರ್ಶಕ ಪಿವಿಸಿ ಕವರ್ ಬೇಡ.

ಬಿಳಿಯದು ಹಳದಿಯಾದದ್ದು ಬೆಳಕು ಮತ್ತು ಬಿಸಿಗೆ ಪ್ಲಾಸ್ಟಿಕ್ ಪ್ರತಿಕ್ರಿಯಿಸಿದ್ದರಿಂದ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬೆಳ್ಳಗೆ ಮಾಡುವ ವಿಡಿಯೋಗಳನ್ನು ನೀವು ನೋಡಿರಬಹುದು. ಆ ಕ್ಷಣಕ್ಕೆ ಬೆಳ್ಳಗಾಗುವುದು ನಿಜ. ಆದರೆ ಬಣ್ಣದ ಗೆರೆಗಳು ಮಾಸಬಹುದು, ಸಮನಾಗಿ ಬಳಿಯದಿದ್ದರೆ ಪಟ್ಟೆ ಬೀಳುತ್ತದೆ, ಪ್ಲಾಸ್ಟಿಕ್ ಪೆಡಸಾಗಬಹುದು, ಹಳದಿ ಮತ್ತೆ ಮರಳಬಹುದು. ಹೀಗೆ ಬೆಳ್ಳಗೆ ಮಾಡಿದ್ದನ್ನು ಹೇಳದೆ ಮಾರಿದರೆ ಅನುಭವಿ ಸಂಗ್ರಹಕಾರ ಮೋಸ ಎನ್ನುತ್ತಾನೆ. ನಾನಾದರೆ ಹಳದಿಯಾಗಿಯೇ ಬಿಡುತ್ತೇನೆ.

ಮಾರುವುದಾದರೆ ಕೇಳುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ; ಇಬೇ ಜಾಲತಾಣದಲ್ಲಿ ಮಾರಾಟವಾದವನ್ನು ಮಾತ್ರ ತೋರಿಸುವ ಆಯ್ಕೆ ಇದೆ. ಹನ್ನೊಂದನ್ನೂ ಗುಂಪಾಗಿ ಕೊಟ್ಟರೆ ಸುಲಭ, ಆದರೆ ಕೊಳ್ಳುವವನು ಅತಿ ಒಳ್ಳೆಯ ಎರಡಕ್ಕೆ ಲೆಕ್ಕ ಹಾಕಿ ಉಳಿದವನ್ನು ಪುಕ್ಕಟೆ ಒಯ್ಯುತ್ತಾನೆ. ಹೀ-ಮ್ಯಾನನ್ನಂತೂ ಆ ಗುಂಪಿಗೆ ಸೇರಿಸಲೇಬೇಡಿ. ಎದುರು, ಬೆನ್ನು, ಮುದ್ರೆ, ಹೆಬ್ಬೆರಳು, ಮೊಣಕೈ ಎಲ್ಲದರ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಪ್ರತಿ ಪಾತ್ರಕ್ಕೂ ಅದರದೇ ಬಂದೂಕು, ಹೆಲ್ಮೆಟ್, ಬೆನ್ನುಚೀಲ ಇತ್ತು. ಅವು ಇದ್ದರೆ ಮಾತ್ರ 'ಕಂಪ್ಲೀಟ್' ಎಂದು ಬರೆಯಿರಿ. ಈಗಿನ ಕಾಲದಲ್ಲಿ ಮಾಡಿದ ಕತ್ತಿಯನ್ನು ಹೀ-ಮ್ಯಾನ್‌ಗೆ ಕೊಂಡುಕೊಡಬಹುದು, ಆದರೆ ಹೊಸದೆಂದು ಹೇಳಿಯೇ ಮಾರಬೇಕು.

ಅಣ್ಣನಿಗೆ ಇದಿಷ್ಟು ಓದಿ ಹೇಳಿ. ಹಳೇ ಸ್ಟಾರ್ ವಾರ್ಸ್‌ನಲ್ಲಿ ಫಿಗರ್‌ಗಿಂತ ಬಂದೂಕು, ನಿಲುವಂಗಿಗಳೇ ಹೆಚ್ಚು ನಕಲಾಗುತ್ತವೆ. ಮೂಲ ಬಂದೂಕು ನೀರಿನಲ್ಲಿ ತೇಲುತ್ತದೆ, ನಕಲಿ ಮುಳುಗುತ್ತದೆ ಎಂಬ ಪರೀಕ್ಷೆ ಪ್ರಸಿದ್ಧ. ಮುಳುಗಿದರೆ ಅನುಮಾನಿಸಬಹುದು, ತೇಲಿದರೆ ನಂಬುವಂತಿಲ್ಲ, ಏಕೆಂದರೆ ತೇಲುವ ನಕಲಿಗಳೂ ಬಂದಿವೆ. ಜಾವಾ ಎಂಬ ಪುಟ್ಟ ಪಾತ್ರ ಮೊದಲು ವಿನೈಲ್ ನಿಲುವಂಗಿಯಲ್ಲಿ ಬಂತು, ಬೇಗನೆ ಬಟ್ಟೆಯದಕ್ಕೆ ಬದಲಾಯಿತು. ವಿನೈಲಿನದು ವಿರಳವಾದ್ದರಿಂದ ಬೆನ್ ಕೆನೋಬಿ ಎಂಬ ಇನ್ನೊಂದು ಪಾತ್ರದ ನಿಲುವಂಗಿಯನ್ನು ಕತ್ತರಿಸಿ ಜಾವಾಗೆ ತೊಡಿಸಿ ಮಾರುತ್ತಾರೆ. ಬಣ್ಣ ಮತ್ತು ಅಂಚಿನ ಕತ್ತರಿ ಗುರುತು ನೋಡದೆ ಹಣ ಕೊಡಬಾರದು. ಕೊಂಡದ್ದನ್ನು ನಿಮಗೆ ಅಂಚೆಯಲ್ಲಿ ಕಳಿಸುವ ಯೋಚನೆ ಇದ್ದರೆ ಕೈಬಿಡಲಿ: ಆಮದು ಸುಂಕ ಬೀಳಬಹುದು. ಕಳಿಸಲೇಬೇಕೆಂದರೆ ಆ ದಿನದ ದರ ವಿಚಾರಿಸಿಕೊಂಡು ಮುಂದುವರಿಯಲಿ.

ಮಗಳ ವಿಷಯಕ್ಕೆ ಬಂದರೆ, ಮುಟ್ಟಲಿ, ನೋಡಲಿ, ನಿಮ್ಮ ಪಕ್ಕ ಕೂತು ಆಡಲಿ. ಟ್ರಂಕನ್ನೇ ಅವಳ ಕೈಗೆ ಕೊಡಬೇಡಿ. ಆ ಕಾಲದ ಬಣ್ಣ ಮತ್ತು ಪ್ಲಾಸ್ಟಿಕ್‌ಗಳಲ್ಲಿ ಸೀಸ, ಕ್ಯಾಡ್ಮಿಯಂ ಇರುವ ಸಾಧ್ಯತೆ ಇದೆ. ಇಂದಿನ ಸುರಕ್ಷತಾ ಮಾನದಂಡಕ್ಕೆ ಅವು ಪರೀಕ್ಷೆಯಾದವಲ್ಲ. ಬಾಯಿಗೆ ಹಾಕದಂತೆ, ಆಡಿದ ಮೇಲೆ ಕೈ ತೊಳೆಯುವಂತೆ ನೋಡಿಕೊಳ್ಳಿ. ಬಣ್ಣ ಸಿಪ್ಪೆ ಏಳುತ್ತಿರುವುದನ್ನೂ ಅಂಟು ಜಿನುಗುವ ಹೀ-ಮ್ಯಾನನ್ನೂ ಆಟಕ್ಕೆ ಕೊಡಬೇಡಿ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಬಂದೂಕು, ಹೆಲ್ಮೆಟ್‌ಗಳು ಬೀರುವಿನಲ್ಲೇ ಇರಲಿ, ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಳತೆಯವು. ರಿಂಗ್ ಹಾಕಿದ ಜೋಗಳ ಪೈಕಿ ಬಣ್ಣ ಗಟ್ಟಿಯಾಗಿರುವ ಒಂದೆರಡನ್ನು ಅವಳಿಗೆಂದು ಆರಿಸಿಕೊಡಬಹುದು. ಆಡಿ ರಿಂಗ್ ಮತ್ತೆ ಹರಿದರೆ ಬದಲಿಸುವುದು ಹೇಗೆಂದು ಈಗ ನಿಮಗೆ ಗೊತ್ತು.